ಸ್ಟ್ರೀಕ್ ಕಿತ್ತು ಹಾಕಿದ ಮೇಲೆ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ನನ್ನ ಓಟದ ಪ್ಲಾನ್ ಪ್ರತಿ ಸಲ ಅರ್ಧಕ್ಕೆ ಮಗುಚಿಬೀಳಲು ಕಾರಣ ವಾಚಿನ ಮೇಲಿನ ಒಂದು ಅಂಕಿ: ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪಿಸದೆ ಸತತ ಎಷ್ಟು ದಿನ ಮಾಡಿದೆ ಎನ್ನುವ ಲೆಕ್ಕ.

ವಾರ್ಮ್‌ಅಪ್, ಝೋನ್ 2 ಅನ್ನುವ ಹಗುರ ವೇಗದ ಓಟ, ಸ್ವಲ್ಪ ಓಟ ಸ್ವಲ್ಪ ನಡಿಗೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ. ಹೊರಗೆ ಬಿದ್ದರೆ ಹೇಗೋ ಓಡುತ್ತೇನೆ. ರಗಳೆಯೆಲ್ಲ ಹಾಸಿಗೆಗೂ ಬಾಗಿಲಿಗೂ ನಡುವೆ. ಖಿನ್ನತೆ ಜೋರಾಗಿರುವ ಬೆಳಿಗ್ಗೆ ಶೂ ಲೇಸಿನ ಗಂಟು ಬಿಚ್ಚುವುದೇ ಒಂದು ದಿನದ ಕೆಲಸ ಅನ್ನಿಸುತ್ತದೆ. ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬರೀ ಸಾಕ್ಸ್, ಕೈಯಲ್ಲಿ ಲೇಸಿನ ತುದಿ, ಕಣ್ಣು ಗೋಡೆ ಮೇಲೆ. ಹಾಗೆ ಕೂತವರಿಗೆ ವಿವರಿಸಬೇಕಿಲ್ಲ.

ಅಂಥ ಹೊತ್ತಲ್ಲೇ ವಾಚ್ ಕುಯ್ಯೆನ್ನುತ್ತದೆ: ನಿಮ್ಮ ಸ್ಟ್ರೀಕ್ ಸೊನ್ನೆಗೆ ಬಂದಿದೆ! ಬೇರೆಯವರಿಗೆ ಅದು ಆಟ. ಖಿನ್ನತೆಗೆ ಮಾತ್ರ ಅದು ಕೋರ್ಟಿನಲ್ಲಿ ಹಾಜರುಪಡಿಸಲು ಸಿಕ್ಕ ಸಾಕ್ಷಿ. ‘ನಿನ್ನ ಕೈಲಿ ಏನೂ ಆಗಲ್ಲ ಅಂತ ಹೇಳಿರಲಿಲ್ವಾ?’ ಅಂತ ಶುರುವಾದರೆ ಮುಂದಿನ ವಾರವೂ ಹೋಯಿತು ಅಂತಲೇ ಲೆಕ್ಕ. ಸ್ಟ್ರೀಕ್ ಆಫ್ ಮಾಡುವ ಸೆಟ್ಟಿಂಗನ್ನು ಮೆನುವಿನೊಳಗಿನ ಮೆನುವಿನೊಳಗೆ ಬಚ್ಚಿಟ್ಟ ಪುಣ್ಯಾತ್ಮ ಯಾರೋ!

ಪರಿಹಾರ ಸಿಕ್ಕಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಅಂತ ಎಲ್ಲರೂ ಉರುಹೊಡೆದಿರುತ್ತೇವೆ. 2010ರ ಮಾರ್ಗಸೂಚಿಯಲ್ಲಿ ಒಂದು ಷರತ್ತಿತ್ತು: ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರಷ್ಟೇ ಲೆಕ್ಕ. 2020ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಅಂದರೆ ನಾಲ್ಕು ನಿಮಿಷವೂ ಜಮಾ. ಮೇಲಾಗಿ ಲೆಕ್ಕ ವಾರದ್ದು, ದಿನದ್ದಲ್ಲ.

ಹಾಗಾಗಿ ಪುಸ್ತಕ, ಪೆನ್ಸಿಲ್. ದಿನಗಳ ಹೆಸರು ಬರೆಯುವುದಿಲ್ಲ, ಚೌಕ ಹಾಕುವುದಿಲ್ಲ. ನಿಮಿಷಗಳನ್ನಷ್ಟೇ ಒಂದರ ಕೆಳಗೊಂದು ಬರೆದು ಭಾನುವಾರ ಕೂಡುತ್ತೇನೆ. ಹೋಗದ ದಿನಕ್ಕೆ ಜಾಗವೇ ಇಲ್ಲದ್ದರಿಂದ ಖಾಲಿ ಚೌಕ ನನ್ನನ್ನು ದುರುಗುಟ್ಟಿ ನೋಡುವುದಿಲ್ಲ. ತೀರಾ ಕೆಟ್ಟ ದಿನ ಗೇಟಿನವರೆಗೆ ಹೋಗಿ ವಾಪಸ್, ಅದೂ ಪಟ್ಟಿಗೆ ಸೇರುತ್ತದೆ. ಮನಸ್ಸು ಬಂದ ಮೇಲೆ ಹೊರಡೋಣ ಅಂದರೆ ಮನಸ್ಸು ಬರದಿರುವುದೇ ತಾನೇ ಕಾಯಿಲೆ? ಮೊದಲು ಕಾಲು ಹೋಗಲಿ, ಮನಸ್ಸು ಬಂದರೆ ಹಿಂದಿನಿಂದ ಬರಲಿ.

‘ಓಡು, ಮಾತ್ರೆ ಬಿಡು’ ಎನ್ನುವ ಮಹಾನುಭಾವರು 1999ರ ಡ್ಯೂಕ್ ವಿಶ್ವವಿದ್ಯಾಲಯದ ಅಧ್ಯಯನ ಹಿಡಿದು ಬರುತ್ತಾರೆ. ಖಿನ್ನತೆಯಿದ್ದ, 50 ದಾಟಿದ 156 ಮಂದಿ, 16 ವಾರ. ವ್ಯಾಯಾಮ, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಎರಡೂ ಸೇರಿಸಿ, ಹೀಗೆ ಮೂರು ಗುಂಪು. ಕೊನೆಗೆ ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದು ನಿಜ. ಆದರೆ ಅವರು ವ್ಯಾಯಾಮ ಮಾಡಿದ್ದು ವಾರಕ್ಕೆ ಮೂರು ಸಲ, ಗುಂಪಿನಲ್ಲಿ, ಮೇಲ್ವಿಚಾರಕರ ಎದುರು. ಒಂದು ಕಾಲಿಗೆ ಶೂ ಹಾಕಿ ಗೋಡೆ ನೋಡುವವರನ್ನು ಅಲ್ಲಿ ಯಾರಾದರೂ ಕಾಯುತ್ತಿದ್ದರು. ನನ್ನ ಮಾತ್ರೆ ಡಾಕ್ಟರ್ ಹೇಳಿದಂತೆ ನಡೆಯುತ್ತಿದೆ. ಅದರ ಚರ್ಚೆ ಇಲ್ಲಿ ಬೇಡ.

ವಾಚಿನ ಪಟ್ಟಿ ಕಥೆ ಕೇಳಿ. 20 ಮಿಲಿಮೀಟರ್ ಕೇಳಿದರೆ 22 ಕಳಿಸಿದರು. ದೂರು ಕೊಟ್ಟರೆ ಬದಲಿಗೆ ಬಂದದ್ದೂ 22, ಬಣ್ಣ ಮಾತ್ರ ಬೇರೆ! ಈಗ ವಾಚ್ ಜೇಬಿನಲ್ಲಿ, ಹಾರ್ಟ್ ರೇಟ್ ದೇವರಿಗೇ ಗೊತ್ತು. ಶ್ರಮ ಮಧ್ಯಮವೋ ಅಂತ ತಿಳಿಯಲು ಹಳೇ ಪರೀಕ್ಷೆಯೇ ಗತಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ನನ್ನ ಹಾಡು ಕೇಳಿದವರು ಇನ್ನೂ ವೇಗವಾಗಿ ಓಡು ಅನ್ನುತ್ತಾರೆ.

ಅಂದಹಾಗೆ, ಮುಂದಿನ ಪ್ರಾಜೆಕ್ಟ್ ಮರಳು ಚೀಲ. ಮಾರ್ಗಸೂಚಿಯ ಪ್ರಕಾರ ಸ್ನಾಯು ಬಲಪಡಿಸುವ ಕೆಲಸ ವಾರಕ್ಕೆ ಎರಡು ದಿನವಾದರೂ ಬೇಕು. 2018ರಲ್ಲಿ 33 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯ ಪ್ರಕಾರ ಭಾರ ಎತ್ತುವ ವ್ಯಾಯಾಮದಿಂದ ಖಿನ್ನತೆಯ ಲಕ್ಷಣ ಕಡಿಮೆಯಾಗುತ್ತದೆ, ಅದಕ್ಕೂ ಮೈಯ ಬಲ ಎಷ್ಟು ಹೆಚ್ಚಿತು ಎನ್ನುವುದಕ್ಕೂ ನಂಟು ಕಾಣಲಿಲ್ಲ. ನನ್ನಂಥ ಕಡ್ಡಿ ದೇಹಿಗಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕೇ? ಹೊರಗೆ ದಪ್ಪ ಕ್ಯಾನ್ವಾಸ್, ಒಳಗೆ ಮರಳಿನ ಚಿಕ್ಕ ಚಿಕ್ಕ ಪೊಟ್ಟಣ, ಬೇಕಾದಷ್ಟು ಹಾಕಿ ತೆಗೆಯಬಹುದು. ಬಟ್ಟೆ ಕತ್ತರಿಸಿಟ್ಟಿದ್ದೇನೆ. ಬಾಯಿಗೆ ಜಿಪ್ ಹಾಕಲೋ ವೆಲ್ಕ್ರೋ ಹಾಕಲೋ ಇನ್ನೂ ತೀರ್ಮಾನವಾಗಿಲ್ಲ. ಜಿಪ್ಪಿನ ಹಲ್ಲಿಗೆ ಮರಳು ಸಿಕ್ಕಿಕೊಳ್ಳುವ ಭಯ, ವೆಲ್ಕ್ರೋ ಎತ್ತಿ ಹಾಕಿದ ರಭಸಕ್ಕೆ ಬಿಟ್ಟುಕೊಳ್ಳುವ ಭಯ. ಹೊಲಿದು ನೋಡಿದವರಿದ್ದರೆ ದಾರ ಯಾವುದು ಬಳಸಿದಿರಿ, ಅದನ್ನೂ ಹೇಳಿ.