ಲಿಂಕನ್ ಮಗ ಮುಂದೆ ಏನಾದ?

ಅಮೆರಿಕದ ಅಧ್ಯಕ್ಷರ ಬಗ್ಗೆ ಆಗಾಗ ಬರೆಯುತ್ತಿರುತ್ತೇನೆ ಅನ್ನೋ ಕಾರಣಕ್ಕೆ ಒಂದು ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ ಅಂತ ಒಂದಿದೆಯಲ್ಲ, ಆ ಮಗ ದೊಡ್ಡವನಾಗಿ ಏನಾದ? ಅವನೂ ರಾಜಕೀಯಕ್ಕೆ ಬಂದನಾ? ಆ ವಂಶದವರು ಈಗ ಯಾರಾದರೂ ಇದ್ದಾರಾ?

ಮೊದಲು ಆ ಪತ್ರದ ಮಾತು ಮುಗಿಸಿಬಿಡೋಣ. ಶಾಲೆಯ ಗೋಡೆ, ಶಿಕ್ಷಕರ ದಿನಾಚರಣೆಯ ಭಾಷಣ, ವಾಟ್ಸಾಪ್, ಎಲ್ಲ ಕಡೆ ಅದು ಕನ್ನಡದಲ್ಲಿ ಓಡಾಡುತ್ತದೆ. ಆದರೆ ಅದನ್ನು ಲಿಂಕನ್ ಬರೆದ ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಮೂಲ ಪ್ರತಿ ಇಲ್ಲ, ಅವನ ಬರಹಗಳ ಸಂಪುಟಗಳಲ್ಲೂ ಸಿಗುವುದಿಲ್ಲ. ನನಗೆ ಬೇಜಾರಾಗುವುದು ಯಾಕೆಂದರೆ, ಲಿಂಕನ್ ನಿಜವಾಗಿ ಬರೆದ ಪತ್ರಗಳು ಇದಕ್ಕಿಂತ ಎಷ್ಟೋ ಚೆನ್ನಾಗಿವೆ, ಅವನ್ನು ಯಾರೂ ಓದುವುದಿಲ್ಲ. 1860ರ ಜುಲೈನಲ್ಲಿ ಅವನು ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ದೇಶವೆಲ್ಲ ಅವನ ಕಡೆ ನೋಡುತ್ತಿದೆ. ಆ ಹೊತ್ತಿನಲ್ಲಿ ತನ್ನ ಮಗನ ಗೆಳೆಯ ಜಾರ್ಜ್ ಲೇಥಮ್ ಎಂಬ ಹುಡುಗ ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಬಂತು. ಲಿಂಕನ್ ಕೂತು ಆ ಹುಡುಗನಿಗೆ ಪತ್ರ ಬರೆದ. ಈ ಸುದ್ದಿ ಕೇಳಿ ಆದಷ್ಟು ನೋವು ನನಗೆ ಆಗಿದ್ದೇ ಕಮ್ಮಿ, ಆದರೆ ಒಮ್ಮೆ ಕೈಹಾಕಿದ ಮೇಲೆ ನೀನು ಗೆಲ್ಲಲೇಬೇಕು ಅನ್ನುವುದು ಅದರ ಸಾರ. ಆ ಸುದ್ದಿ ಕೊಟ್ಟ ಮಗನ ಹೆಸರು ರಾಬರ್ಟ್. ಹಿಂದಿನ ವರ್ಷ ಅದೇ ಪರೀಕ್ಷೆಯಲ್ಲಿ ಅವನೂ ಫೇಲಾಗಿದ್ದ.

ಲಿಂಕನ್‌ಗೆ ನಾಲ್ಕು ಗಂಡುಮಕ್ಕಳು. ಎಡ್ಡಿ ನಾಲ್ಕು ವರ್ಷ ತುಂಬುವ ಮೊದಲೇ 1850ರಲ್ಲಿ ತೀರಿಕೊಂಡ. ವಿಲ್ಲಿ ಶ್ವೇತಭವನದಲ್ಲೇ 1862ರ ಫೆಬ್ರವರಿಯಲ್ಲಿ ಜ್ವರದಿಂದ ಸತ್ತ, ಹನ್ನೊಂದು ವರ್ಷ. ಟ್ಯಾಡ್ ಅಪ್ಪ ಹೋದ ಆರು ವರ್ಷಕ್ಕೆ, ಹದಿನೆಂಟನೇ ವಯಸ್ಸಿನಲ್ಲಿ ಹೋದ. ಬದುಕಿ ಮುದುಕನಾದವನು ದೊಡ್ಡವನಾದ ರಾಬರ್ಟ್ ಒಬ್ಬನೇ. ಹಾಗಾಗಿ "ಲಿಂಕನ್ ಮಗ ಏನಾದ" ಅಂದರೆ ಉತ್ತರ ಅವನ ಕಥೆಯೇ.

ಅಪ್ಪ ಮಗ ಅಷ್ಟೇನೂ ಹತ್ತಿರ ಇರಲಿಲ್ಲ. ಲಿಂಕನ್ ವಕೀಲನಾಗಿದ್ದಾಗ ಇಲಿನಾಯ್‌ನ ಊರೂರು ಕೋರ್ಟುಗಳಿಗೆ ಹೋಗುತ್ತಿದ್ದ, ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅಪ್ಪ ಪ್ರಯಾಣಕ್ಕೆ ಹೊರಡಲು ಕುದುರೆಯ ಜೀನುಚೀಲ ತುಂಬಿಕೊಳ್ಳುತ್ತಿದ್ದದ್ದೇ ತನ್ನ ಬಾಲ್ಯದ ಸ್ಪಷ್ಟ ನೆನಪು ಅಂತ ರಾಬರ್ಟ್ ಮುಂದೆ ಬರೆದ. ಅಪ್ಪ ಅಧ್ಯಕ್ಷನಾಗುವ ಹೊತ್ತಿಗೆ ಮಗ ಹಾರ್ವರ್ಡ್‌ಗೆ ಹೊರಟುಹೋಗಿದ್ದ. ಆಮೇಲೆ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ. ಊರಿನ ಮಕ್ಕಳೆಲ್ಲ ಯುದ್ಧದಲ್ಲಿ ಸಾಯುತ್ತಿದ್ದಾಗ ಅಧ್ಯಕ್ಷನ ಮಗ ಕಾಲೇಜಿನಲ್ಲಿದ್ದಾನೆ ಅಂತ ಜನ ಆಡಿಕೊಂಡರು. ಮಗನಿಗೆ ಹೋಗುವ ಮನಸ್ಸಿತ್ತು. ಎರಡು ಮಕ್ಕಳನ್ನು ಕಳೆದುಕೊಂಡಿದ್ದ ತಾಯಿ ಮೇರಿ ಬಿಡಲಿಲ್ಲ. ಕಡೆಗೆ 1865ರ ಜನವರಿಯಲ್ಲಿ ಲಿಂಕನ್ ಉತ್ತರದ ಸೇನಾಪತಿ ಜನರಲ್ ಗ್ರ್ಯಾಂಟ್‌ಗೆ ಒಂದು ಪತ್ರ ಬರೆದ. ಇದನ್ನು ಅಧ್ಯಕ್ಷನ ಪತ್ರ ಅಂದುಕೊಳ್ಳಬೇಡಿ, ಗೆಳೆಯನ ಪತ್ರ ಅಂದುಕೊಳ್ಳಿ, ನನ್ನ ಮಗನನ್ನು ನಿಮ್ಮ ಜೊತೆ ಇಟ್ಟುಕೊಳ್ಳಲು ಆಗುತ್ತದೆಯೇ, ಅವನ ಖರ್ಚು ಸರ್ಕಾರದ್ದಲ್ಲ, ನನ್ನದು ಅಂತ. ಬೇರೆಯವರ ಮಕ್ಕಳಿಗೆ ಸಿಗಬೇಕಾದ ಹುದ್ದೆ ತನ್ನ ಮಗನಿಗೆ ಹೋಗಬಾರದು ಅನ್ನುವ ಸಂಕೋಚ ಆ ಪತ್ರದ ತುಂಬಾ ಇದೆ. ಗ್ರ್ಯಾಂಟ್ ಅವನನ್ನು ಕ್ಯಾಪ್ಟನ್ ಮಾಡಿ ತನ್ನ ಸಿಬ್ಬಂದಿಯಲ್ಲಿ ಸೇರಿಸಿಕೊಂಡ. ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದಾಗ ರಾಬರ್ಟ್ ಅಪೊಮ್ಯಾಟಕ್ಸ್‌ನಲ್ಲೇ ಇದ್ದ.

ಏಪ್ರಿಲ್ 14ರ ಬೆಳಿಗ್ಗೆ ಅವನು ವಾಷಿಂಗ್ಟನ್‌ಗೆ ವಾಪಸ್ ಬಂದ. ಅಪ್ಪನ ಜೊತೆ ತಿಂಡಿ ತಿಂದ. ರಾತ್ರಿ ನಾಟಕಕ್ಕೆ ಕರೆದಾಗ ಸುಸ್ತಾಗಿದೆ ಅಂತ ಮನೆಯಲ್ಲೇ ಉಳಿದ. ಆ ರಾತ್ರಿ ಫೋರ್ಡ್ ಥಿಯೇಟರಿನಲ್ಲಿ ಲಿಂಕನ್‌ಗೆ ಗುಂಡು ಬಿತ್ತು ಅನ್ನುವುದು ನಿಮಗೆ ಗೊತ್ತು. ಬೆಳಗಿನವರೆಗೆ ಅಪ್ಪನ ಹಾಸಿಗೆಯ ಬಳಿ ಇದ್ದ ರಾಬರ್ಟ್‌ಗೆ ಆಗ ಇಪ್ಪತ್ತೊಂದು ವರ್ಷ.

ಇಲ್ಲಿಂದ ಮುಂದೆ ಜನ ಅವನ ಬಗ್ಗೆ ಹೇಳುವುದೆಲ್ಲ ವಿಚಿತ್ರ ಕಾಕತಾಳೀಯಗಳೇ. 1881ರ ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ರಾಬರ್ಟ್ ಅಲ್ಲೇ ಇದ್ದ. 1901ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿದ್ದಾಗ ಅವನು ಅದೇ ಬಫಲೋ ಊರಿಗೆ ಬಂದಿದ್ದ. ಇನ್ನೂ ಒಂದು. ಯುದ್ಧದ ಕಾಲದಲ್ಲಿ ಜರ್ಸಿ ಸಿಟಿಯ ಪ್ಲಾಟ್‌ಫಾರಂನಲ್ಲಿ ನೂಕುನುಗ್ಗಲಿಗೆ ರೈಲಿನ ಪಕ್ಕದ ಸಂದಿಗೆ ಜಾರಿದ ರಾಬರ್ಟ್‌ನನ್ನು ಕೋಟಿನ ಕಾಲರ್ ಹಿಡಿದು ಮೇಲೆತ್ತಿದವನು ಎಡ್ವಿನ್ ಬೂತ್, ಆಗಿನ ಹೆಸರಾಂತ ನಟ, ಲಿಂಕನ್‌ನನ್ನು ಕೊಂದ ಜಾನ್ ವಿಲ್ಕ್ಸ್ ಬೂತ್‌ನ ಸ್ವಂತ ಅಣ್ಣ. ಇದು ಕಟ್ಟುಕಥೆಯಲ್ಲ, ರಾಬರ್ಟ್ ತಾನೇ ಬರೆದಿಟ್ಟಿದ್ದಾನೆ. ಆದರೆ ಇಷ್ಟಕ್ಕೇ ಅವನ ಕಥೆ ನಿಲ್ಲಿಸಿಬಿಟ್ಟರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಅವನಿಗೆ ನಿಜವಾಗಿ ಕಷ್ಟ ಕೊಟ್ಟದ್ದು ಮನೆ. ಲಿಂಕನ್ ಉಯಿಲು ಬರೆದಿರಲಿಲ್ಲ. ಆಸ್ತಿ ನೋಡಿಕೊಂಡವನು ಡೇವಿಡ್ ಡೇವಿಸ್. 1860ರಲ್ಲಿ ಶಿಕಾಗೋ ಸಮಾವೇಶದಲ್ಲಿ ಲಿಂಕನ್‌ಗೆ ಟಿಕೆಟ್ ಕೊಡಿಸಿದವನು ಇವನೇ, ಲಿಂಕನ್ ಇವನನ್ನು ಸುಪ್ರೀಂ ಕೋರ್ಟ್ ನ್ಯಾಯಾಧೀಶ ಮಾಡಿದ್ದ. ಸುಮಾರು 1,10,000 ಡಾಲರ್ ಆಸ್ತಿಯನ್ನು ಅವನು ತಾಯಿಗೂ ಇಬ್ಬರು ಮಕ್ಕಳಿಗೂ ಹಂಚಿದ. ಆದರೆ ಮೇರಿಗೆ ಬಡತನದ ಭಯ ಬಿಡಲಿಲ್ಲ. 1867ರಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನ ಹಳೇ ಬಟ್ಟೆ ಮಾರಲು ಹೋಗಿ ಪತ್ರಿಕೆಗಳ ಬಾಯಿಗೆ ಬಿದ್ದಳು. ಟ್ಯಾಡ್ ಸತ್ತ ಮೇಲೆ ಪೂರ್ತಿ ಕುಸಿದಳು. 1875ರ ಮೇ 19ರಂದು ರಾಬರ್ಟ್ ಶಿಕಾಗೋ ಕೋರ್ಟಿನಲ್ಲಿ ತಾಯಿಗೆ ಬುದ್ಧಿಭ್ರಮಣೆ ಎಂದು ಅರ್ಜಿ ಹಾಕಿ ತಾನೇ ಸಾಕ್ಷಿ ಹೇಳಿದ. ಅವಳಿಗೆ ಆ ದಿನ ಅವಳಿದ್ದ ಹೋಟೆಲ್ ಕೋಣೆಯ ಬಾಗಿಲಿಗೆ ಜನ ಬರುವವರೆಗೂ ವಿಷಯವೇ ಗೊತ್ತಿರಲಿಲ್ಲ. ಕರೆದೊಯ್ಯಲು ಬಂದ ಲೆನರ್ಡ್ ಸ್ವೆಟ್ ಲಿಂಕನ್‌ನ ಹಳೇ ಗೆಳೆಯ. ಅವಳ ಪರ ವಕೀಲ ಐಸಾಕ್ ಅರ್ನಾಲ್ಡ್, ಅವನೂ ಲಿಂಕನ್‌ನ ಗೆಳೆಯ, ಅವಳ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಗಂಡನನ್ನು ಗೆಲ್ಲಿಸಿದ ಗೆಳೆಯರ ಗುಂಪೇ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿತು. ಬಟೇವಿಯಾ ಊರಿನ ಖಾಸಗಿ ಆಸ್ಪತ್ರೆಯಿಂದ ಕೆಲವೇ ತಿಂಗಳಲ್ಲಿ ಅವಳು ಹೊರಬರಲು ಕಾರಣ ಮೈರಾ ಬ್ರಾಡ್‌ವೆಲ್ ಮತ್ತು ಅವರ ಗಂಡ ಜೇಮ್ಸ್. ಮೈರಾ ಯಾರು ಗೊತ್ತಾ? ಕಾನೂನು ಓದಿದ್ದರೂ ಹೆಂಗಸು ಅನ್ನುವ ಕಾರಣಕ್ಕೆ ಇಲಿನಾಯ್‌ನಲ್ಲಿ ವಕೀಲಿಗೆ ಬಿಡಲಿಲ್ಲ, 1873ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಸರಿ ಅಂದಿತು. ಅಂಥ ಹೆಂಗಸು ಇನ್ನೊಬ್ಬ ಹೆಂಗಸಿನ ಪರ ನಿಂತಳು.

ಮೇರಿಗೆ ಕಾಯಿಲೆ ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾವಿರಾರು ಡಾಲರ್ ಬೆಲೆಯ ಬಾಂಡುಗಳನ್ನು ಲಂಗದಲ್ಲಿ ಹೊಲಿದುಕೊಂಡು ಓಡಾಡುತ್ತಿದ್ದ ತಾಯಿ ಬಗ್ಗೆ ಮಗನಿಗೆ ಗಾಬರಿ ಆಗಿದ್ದು ಸಹಜ. ಆದರೆ ಮಾಡಿದ ರೀತಿ ಕ್ರೂರ. ತಾಯಿ ಅದನ್ನು ವರ್ಷಗಟ್ಟಲೆ ಮರೆಯಲಿಲ್ಲ. 1881ರಲ್ಲಿ ರಾಬರ್ಟ್ ಮಗಳನ್ನು ಕರೆದುಕೊಂಡು ತಾಯಿ ಇದ್ದ ಸ್ಪ್ರಿಂಗ್‌ಫೀಲ್ಡ್‌ಗೆ ಹೋದ ಮೇಲೆ ಸ್ವಲ್ಪ ರಾಜಿ ಆಯಿತು. ಮರುವರ್ಷ ಅವಳು ತೀರಿಕೊಂಡಳು.

ಈಗ ರಾಜಕೀಯ. ಬಂದ, ಆದರೆ ಹೊಸ್ತಿಲಲ್ಲೇ ನಿಂತ ಅನ್ನಬಹುದು. ಗಾರ್ಫೀಲ್ಡ್ ಅವನನ್ನು ಯುದ್ಧ ಸಚಿವ ಮಾಡಿದ. ಆಗ ರಿಪಬ್ಲಿಕನ್ ಪಕ್ಷದಲ್ಲಿ ಬಣ ಜಗಳ ಜೋರಾಗಿತ್ತು, ಲಿಂಕನ್ ಹೆಸರು ಯಾರಿಗೂ ಬೇಡ ಅನ್ನಿಸುವಂಥದ್ದಲ್ಲ. ಗಾರ್ಫೀಲ್ಡ್ ಸತ್ತು ಆರ್ಥರ್ ಅಧ್ಯಕ್ಷನಾದಾಗ ಹಳೇ ಸಂಪುಟದಲ್ಲಿ ಕೊನೇವರೆಗೆ ಉಳಿದವನು ರಾಬರ್ಟ್ ಒಬ್ಬನೇ. 1889ರಿಂದ 1893ರವರೆಗೆ ಲಂಡನ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ. 1884, 1888ರ ಪಕ್ಷದ ಸಮಾವೇಶಗಳಲ್ಲಿ ಅಧ್ಯಕ್ಷ ಅಭ್ಯರ್ಥಿಗೆ ಅವನ ಹೆಸರೂ ಓಡಾಡಿತು, ಒಂದಷ್ಟು ಮತಗಳೂ ಬಿದ್ದವು. ಅವನು ಮಾತ್ರ ಬೇಡ ಅಂದ. ಸುಮ್ನೆ ಹ್ಞೂಂ ಅಂದಿದ್ದರೆ ಹಿಂದೆ ಓಡಿಬರಲು ಜನ ಸಿದ್ಧವಿದ್ದರು. ಅಪ್ಪನ ಹೆಸರಲ್ಲಿ ಮತ ಕೇಳುವ ಮಕ್ಕಳನ್ನು ದಿನಾ ನೋಡುವ ನಮಗೆ ಇದು ಸಣ್ಣ ವಿಷಯ ಅನ್ನಿಸಬಾರದು. ಈ ಒಂದು ಕಾರಣಕ್ಕೆ ನನಗೆ ರಾಬರ್ಟ್ ಮೇಲೆ ಗೌರವ ಇದೆ.

ಅಪ್ಪನ ಹೆಸರನ್ನು ಬಳಸಿಕೊಳ್ಳಲಿಲ್ಲ, ಕಾಪಾಡಿದ. ಅಪ್ಪನ ಶವಪೆಟ್ಟಿಗೆಯನ್ನು ಕದಿಯಲು 1876ರಲ್ಲಿ ಕಳ್ಳರು ಪ್ರಯತ್ನಪಟ್ಟಿದ್ದರು. 1901ರಲ್ಲಿ ಅದನ್ನು ಕಾಂಕ್ರೀಟಿನೊಳಗೆ ಹೂಳಿಸಿದವನು ರಾಬರ್ಟ್. ಅಪ್ಪನ ಕಾಗದಪತ್ರಗಳನ್ನು ಲಿಂಕನ್‌ನ ಆಪ್ತ ಕಾರ್ಯದರ್ಶಿಗಳಾಗಿದ್ದ ನಿಕೋಲೇ ಮತ್ತು ಜಾನ್ ಹೇ ಇಬ್ಬರಿಗೆ ಕೊಟ್ಟ, ಅವರು ಹತ್ತು ಸಂಪುಟದ ಜೀವನಚರಿತ್ರೆ ಬರೆದರು, ಹಸ್ತಪ್ರತಿಯನ್ನು ರಾಬರ್ಟ್ ತಿದ್ದಿದ. ಉಳಿದವರಿಗೆ ಬೀಗ. ಕಡೆಗೆ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುವಾಗಲೂ ತಾನು ಸತ್ತು 21 ವರ್ಷ ಆಗುವವರೆಗೆ ತೆರೆಯಬಾರದು ಎಂಬ ಷರತ್ತು ಹಾಕಿದ. ಅವನು ಸತ್ತದ್ದು 1926ರ ಜುಲೈ 26. ಪತ್ರಗಳು ತೆರೆದದ್ದು 1947ರ ಜುಲೈ 26.

ನನಗೆ ಒಪ್ಪಿಕೊಳ್ಳಲು ಆಗದ ಭಾಗ ಪುಲ್‌ಮನ್ ಕಂಪನಿ. ರೈಲಿನ ಐಷಾರಾಮಿ ಮಲಗುವ ಬೋಗಿಗಳನ್ನು ನಡೆಸುತ್ತಿದ್ದ ಕಂಪನಿ ಇದು. 1894ರ ದೊಡ್ಡ ಮುಷ್ಕರದ ಕಾಲದಲ್ಲಿ ರಾಬರ್ಟ್ ಅದರ ವಕೀಲ, ಜಾರ್ಜ್ ಪುಲ್‌ಮನ್ 1897ರಲ್ಲಿ ಸತ್ತ ಮೇಲೆ ಅದರ ಮುಖ್ಯಸ್ಥ. ಆ ಬೋಗಿಗಳಲ್ಲಿ ಹಾಸಿಗೆ ಹಾಸುವುದು, ಬೂಟು ಪಾಲಿಶ್ ಮಾಡುವುದು ಎಲ್ಲ ಪೋರ್ಟರು ಅನ್ನಿಸಿಕೊಂಡ ಕಪ್ಪು ಜನರ ಕೆಲಸ. ಶುರುವಿನಲ್ಲಿ ಸೇರಿದವರಲ್ಲಿ ಎಷ್ಟೋ ಜನ ಗುಲಾಮಗಿರಿಯಿಂದ ಬಿಡುಗಡೆಯಾದವರು. ಪ್ರಯಾಣಿಕರು ಅವರನ್ನು ಅವರ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ, ಮಾಲೀಕನ ಹೆಸರಿನಿಂದ ಎಲ್ಲರನ್ನೂ "ಜಾರ್ಜ್" ಅನ್ನುತ್ತಿದ್ದರು. 1915ರಲ್ಲಿ ಸರ್ಕಾರದ ಕಾರ್ಮಿಕ ಆಯೋಗದ ಮುಂದೆ ರಾಬರ್ಟ್ ಹಾಜರಾಗಬೇಕಾಯಿತು. ಪೋರ್ಟರುಗಳಿಗೆ ಆಗ ತಿಂಗಳಿಗೆ ಕನಿಷ್ಠ 27.50 ಡಾಲರ್ ಸಂಬಳ, ಉಳಿದದ್ದು ಪ್ರಯಾಣಿಕರ ಟಿಪ್ಸ್‌ನಿಂದ ಹೊಂದಿಸಿಕೊಳ್ಳಬೇಕು. ರಾಬರ್ಟ್ ಆ ವ್ಯವಸ್ಥೆಯನ್ನು ಬದಲಾಯಿಸಲಿಲ್ಲ. ಅಪ್ಪ ಗುಲಾಮರ ವಿಮೋಚನಾ ಘೋಷಣೆಗೆ ಸಹಿ ಹಾಕಿದವನು, ಮಗ ಹೀಗೆ. ಕಾಲವೇ ಹಾಗಿತ್ತು ಅನ್ನುವವರಿದ್ದಾರೆ. ಆ ಕಾಲದಲ್ಲೇ ಇದು ತಪ್ಪು ಅಂತ ಹೇಳುವವರೂ ಇದ್ದರು, ಆಯೋಗ ಅವನನ್ನು ಕರೆದದ್ದೇ ಅದಕ್ಕೆ.

ವಂಶದ ಪ್ರಶ್ನೆಗೆ ಉತ್ತರ ಚಿಕ್ಕದು. ಈಗ ಯಾರೂ ಇಲ್ಲ. ಲಿಂಕನ್‌ನ ಅಕ್ಕ ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ತಮ್ಮ ಕೂಸಾಗಿದ್ದಾಗಲೇ ಹೋಗಿದ್ದ. ರಾಬರ್ಟ್ ಮದುವೆಯಾದದ್ದು ಅಪ್ಪನ ರಾಜಕೀಯ ಸಂಗಾತಿ, ಅಯೋವಾ ಸೆನೆಟರ್ ಜೇಮ್ಸ್ ಹಾರ್ಲನ್‌ನ ಮಗಳನ್ನು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಗಂಡು. ಅಜ್ಜನ ಹೆಸರನ್ನೇ ಇಟ್ಟುಕೊಂಡಿದ್ದ ಆ ಹುಡುಗ ಹದಿನಾರನೇ ವಯಸ್ಸಿನಲ್ಲಿ ಲಂಡನ್‌ನಲ್ಲಿ ಸತ್ತ, ಕಂಕುಳಿನ ಹುಣ್ಣಿಗೆ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ನಂಜೇರಿ. ಹೆಣ್ಣುಮಕ್ಕಳಿಂದ ಮೂವರು ಮೊಮ್ಮಕ್ಕಳು. ಮೂವರಿಗೂ ಮಕ್ಕಳಿಲ್ಲ. ಅವರಲ್ಲಿ ಕೊನೆಯವನಾದ ರಾಬರ್ಟ್ ಟಾಡ್ ಲಿಂಕನ್ ಬೆಕ್‌ವಿತ್ 1985ರ ಡಿಸೆಂಬರ್ 24ರಂದು ತೀರಿಕೊಂಡ.

ಅಮೆರಿಕದಲ್ಲಿರುವ ನಮ್ಮವರು ವರ್ಮಾಂಟ್ ಕಡೆ ಹೋದರೆ ಮ್ಯಾಂಚೆಸ್ಟರ್ ಊರಿನಲ್ಲಿ ರಾಬರ್ಟ್ ಕಟ್ಟಿಸಿದ ಹಿಲ್ಡೀನ್ ಎಂಬ ಮನೆ ಇದೆ, ಈಗ ಯಾರು ಬೇಕಾದರೂ ಹೋಗಿ ನೋಡಬಹುದು. ಅದೇ ಆವರಣದಲ್ಲಿ ದುರಸ್ತಿ ಮಾಡಿ ನಿಲ್ಲಿಸಿದ ಒಂದು ಹಳೇ ಪುಲ್‌ಮನ್ ಬೋಗಿ ಇದೆ, ಆ ಪೋರ್ಟರುಗಳ ಕಥೆಯನ್ನೂ ಅಲ್ಲಿ ಹೇಳಿದ್ದಾರೆ. ಮನೆ ನೋಡಿ ಹಾಗೇ ಬಂದುಬಿಡಬೇಡಿ, ಬೋಗಿಯೊಳಗೂ ಹೋಗಿ.