ಹಾಳೆಯಲ್ಲಿ ಸುತ್ತಿಟ್ಟ ಸಿಗಾರ್

ವಿನ್ಯಾಲೆಸ್ ಹತ್ತಿರ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಣ್ಣು. ಕೆಂಪು ಮಣ್ಣು, ನಮ್ಮ ಪಿರಿಯಾಪಟ್ಟಣದ ಕಡೆಯ ಹೊಲದ ಹಾಗೆಯೇ. ಅದರ ಮೇಲೆ ಸಾಲಾಗಿ ನಿಂತ ಹೊಗೆಸೊಪ್ಪಿನ ಗಿಡ. ಪಕ್ಕದ ಹೊಲದಲ್ಲಿ ಜೋಡೆತ್ತು ಕಟ್ಟಿ ಒಬ್ಬರು ಉಳುತ್ತಿದ್ದರು. ಟ್ಯಾಕ್ಸಿಯ ಕಿಟಕಿಗೆ ಮುಖ ಒತ್ತಿ ಕೂತಿದ್ದ ನನಗೆ ಕ್ಯೂಬಾಕ್ಕೆ ಬಂದಿದ್ದೇನೆ ಅನ್ನೋದೇ ಒಂದು ಕ್ಷಣ ಮರೆತುಹೋಯಿತು. ಆಮೇಲೆ ಬಯಲಿನ ನಡುವೆ ದಿಢೀರನೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು ಕಂಡವು. ಅವಕ್ಕೆ ಅಲ್ಲಿ ಮೊಗೊತೆ ಅನ್ನುತ್ತಾರೆ. ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ, ನೆತ್ತಿಯ ಮೇಲೆ ಹಸಿರು ಕಾಡು. ಯುನೆಸ್ಕೊ ಈ ಕಣಿವೆಯನ್ನು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಚೆಂದ ನೋಡಿ ಮಾತ್ರ ಅಲ್ಲ, ಇಲ್ಲಿಯ ಜನ ಇನ್ನೂ ಹಳೆಯ ರೀತಿಯಲ್ಲೇ ಹೊಗೆಸೊಪ್ಪು ಬೆಳೆಯುತ್ತಾರೆ ಅನ್ನೋದಕ್ಕೂ.

ನಮ್ಮದು ಹೊಗೆಸೊಪ್ಪಿನ ಮನೆ. ತಾತ, ಅಪ್ಪ ಇಬ್ಬರೂ ಅದನ್ನೇ ಬೆಳೆದವರು. ಮಳೆಗಾಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಒಟ್ಟುತ್ತ, ಬಿಸಿ ಏರಿತಾ ಇಳಿಯಿತಾ ಅಂತ ರಾತ್ರಿಯೆಲ್ಲ ಎದ್ದಿರುವುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಹರಾಜು ಕಟ್ಟೆ ದಾಟಿದ ಮೇಲೆ ನಮ್ಮ ಸೊಪ್ಪು ಎಲ್ಲಿಗೆ ಹೋಗುತ್ತದೆ, ಯಾರು ಸೇದುತ್ತಾರೆ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳೆದವರೇ ಸುತ್ತಿ, ಬೆಳೆದವರೇ ಸೇದುವ ಊರು ಇದೆ ಅಂತ ಕೇಳಿದ ದಿನದಿಂದ ಅಲ್ಲಿಗೆ ಹೋಗಬೇಕು ಅನ್ನಿಸಿತ್ತು. 2024ರ ಫೆಬ್ರವರಿಯಲ್ಲಿ ಹೋದೆ. ಅಲ್ಲಿ ಅದು ಕೊಯ್ಲಿನ ಕಾಲ.

ಹವಾನಾದಿಂದ ವಿನ್ಯಾಲೆಸ್‌ಗೆ ಸುಮಾರು 180 ಕಿಲೋಮೀಟರ್. ನಾಲ್ಕು ಜನ ಸೇರಿ ಹಳೇ ಅಮೆರಿಕನ್ ಕಾರು ಹಿಡಿದಿದ್ದೆವು. ದಾರಿಯಲ್ಲಿ ಎರಡು ಸಲ ಕೆಟ್ಟಿತು, ಎರಡು ಸಲವೂ ಡ್ರೈವರ್ ತಾನೇ ಸರಿ ಮಾಡಿದ. ಉಳಿದುಕೊಂಡದ್ದು ಊರಾಚೆ ಒಬ್ಬ ರೈತರ ಮನೆಯಲ್ಲಿ. ಮನೆಯವರೆಲ್ಲ ಯಜಮಾನರನ್ನು ಅಬುವೆಲೊ ಅನ್ನುತ್ತಿದ್ದರು, ಅಂದರೆ ತಾತ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮಿಹೋ, ಮಗನೇ, ಅಂದರು. ಅವರ ಸೊಸೆಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮ ಮಾತೆಲ್ಲ ಆ ಹೆಣ್ಣುಮಗಳ ಬಾಯಿಂದಲೇ ದಾಟಿ ಬಂದದ್ದು.

ಮನೆಯ ಮುಂದೆ ಜಗಲಿ. ಜಗಲಿಯಲ್ಲಿ ಎರಡು ತೂಗು ಕುರ್ಚಿ. ಬೆಳಗ್ಗೆ ಆರೂವರೆಗೆ ನಾನು ಎದ್ದು ಬರುವಷ್ಟರಲ್ಲಿ ಅಬುವೆಲೊ ಒಂದರಲ್ಲಿ ಕೂತಾಗಿತ್ತು. ಪುಟ್ಟ ಲೋಟದಲ್ಲಿ ಸಕ್ಕರೆ ಜಾಸ್ತಿ ಹಾಕಿದ ಕಡು ಕಾಫಿ. ಬೆರಳ ಸಂದಿಯಲ್ಲಿ ಸಿಗಾರ್. ಅವರು ಅದನ್ನು ಸಿಗಾರ್ ಅನ್ನಲಿಲ್ಲ, ತಬಾಕೊ ಅಂದರು, ಅಷ್ಟೇ. ಹೊಲದಲ್ಲಿರುವ ಗಿಡಕ್ಕೂ ಅದೇ ಹೆಸರು, ಬಾಯಲ್ಲಿರುವುದಕ್ಕೂ ಅದೇ ಹೆಸರು. ಎರಡು ಬಾರಿ ಎಳೆಯುವರು, ಸುಮ್ನೆ ಕೂರುವರು. ಹೊಗೆ ಎದೆಗೆ ಇಳಿಸುವುದಿಲ್ಲ. ಬಾಯಲ್ಲಿ ಆಡಿಸಿ ಬಿಡುವುದು. ಒಂದು ಸಿಗಾರ್ ಮುಗಿಯುವುದಕ್ಕೆ ಗಂಟೆಯ ಮೇಲಾಯಿತು. ಅಷ್ಟರಲ್ಲಿ ದಾರಿಯಲ್ಲಿ ಹೋಗುವ ಇಬ್ಬರು ನಿಂತು ಮಾತಾಡಿಸಿ ಹೋದರು, ಒಬ್ಬರು ಮೊಟ್ಟೆ ಕೊಟ್ಟು ಹೋದರು, ಸೊಸೆ ಎರಡನೇ ಸಲ ಕಾಫಿ ತಂದಳು. ನಮ್ಮ ತಾತ ಜಗಲಿಯಲ್ಲಿ ಎಲೆ ಅಡಿಕೆ ಸಂಚಿ ಬಿಚ್ಚಿಕೊಂಡು ಕೂರುತ್ತಿದ್ದರಲ್ಲ, ಹಾಗೇ. ಸಂಚಿಯಿಂದ ಒಂದು ತುಂಡು ಹೊಗೆಸೊಪ್ಪು ಚಿವುಟಿ ಬಂದವರ ಕೈಗೆ ಇಡದೆ ಅವರು ಮಾತು ಶುರು ಮಾಡುತ್ತಿರಲಿಲ್ಲ.

ಮೊದಲ ದಿನ ಹೊಲಕ್ಕೆ ಹೋದೆವು. ಗಿಡದ ಕೆಳಗಿನ ಎರಡು ಮೂರು ಎಲೆ ಮಾತ್ರ ಮುರಿಯುತ್ತಾರೆ. ಕೆಲವು ದಿನ ಬಿಟ್ಟು ಅದರ ಮೇಲಿನವು. ನಮ್ಮಲ್ಲೂ ಹಾಗೇ ಅಲ್ವಾ. ನಾನು ಕೇಳದೆಯೇ ನಾಲ್ಕು ಎಲೆ ಮುರಿದು ಕಂಕುಳಲ್ಲಿ ಜೋಡಿಸಿಕೊಂಡೆ. ಅಬುವೆಲೊ ನನ್ನ ಕೈ ಹಿಡಿದು ಬೆರಳು ನೋಡಿದರು. ಸೊಪ್ಪಿನ ಅಂಟು ಹತ್ತಿ ಕಪ್ಪಾಗಿತ್ತು. ತಮ್ಮ ಬೆರಳನ್ನೂ ಪಕ್ಕಕ್ಕೆ ಹಿಡಿದರು. ಅದೇ ಬಣ್ಣ. ಆಮೇಲೆ ನನ್ನನ್ನು ಪ್ರವಾಸಿ ಅಂತ ಅವರು ನೋಡಲಿಲ್ಲ ಅನ್ನಿಸುತ್ತದೆ.

ಮೇಲಿನ ಎಲೆಗೆ ಲಿಗೇರೊ ಎಂದು ಹೆಸರು. ಬಿಸಿಲು ಹೆಚ್ಚು ಕುಡಿದದ್ದು, ದಪ್ಪ, ಖಾರ. ನಡುವಿನದು ಸೆಕೊ, ಸುವಾಸನೆಗೆ. ಕೆಳಗಿನದು ವೊಲಾದೊ, ಚೆನ್ನಾಗಿ ಉರಿಯಲಿ ಅಂತ. ಈ ಮೂರನ್ನೂ ಹದವಾಗಿ ಬೆರೆಸಿದರೆ ಒಳಗಿನ ಹೂರಣ. ಅದನ್ನು ಹಿಡಿದುಕೊಳ್ಳಲು ಒಂದು ಎಲೆ, ಅದರ ಮೇಲೆ ಹೊದಿಕೆಗೆ ನಯವಾದ ಇನ್ನೊಂದು. ದೊಡ್ಡ ಬ್ರ್ಯಾಂಡುಗಳ ಹೊದಿಕೆ ಎಲೆಯನ್ನು ಪಿನಾರ್ ದೆಲ್ ರಿಯೋ ಪಟ್ಟಣದ ಆಚೆ, ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ತಿನೆಸ್ ಕಡೆ, ಬಿಳಿ ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಯುತ್ತಾರೆ. ಅಬುವೆಲೊ ಹೊಲಕ್ಕೆ ಚಪ್ಪರ ಇರಲಿಲ್ಲ. ಬೆಳೆಯ ಹತ್ತು ಪಾಲಿನಲ್ಲಿ ಒಂಬತ್ತು ಸರ್ಕಾರಕ್ಕೆ, ಒಂದು ಮನೆಗೆ, ಅಂದರು. ಆ ಒಂದು ಪಾಲಿಗೆ ಬ್ರ್ಯಾಂಡ್ ಇಲ್ಲ, ಉಂಗುರದ ಹಾಗೆ ಸುತ್ತುವ ಬಣ್ಣದ ಕಾಗದವೂ ಇಲ್ಲ.

ನನಗೆ ಅವರ ಬ್ಯಾರನ್ ನೋಡಬೇಕಿತ್ತು. ಅಲ್ಲಿ ಅದು ಕಾಸಾ ದೆ ತಬಾಕೊ, ಹೊಗೆಸೊಪ್ಪಿನ ಮನೆ. ಇಳಿಜಾರು ಮಾಡು, ತಾಳೆಗರಿ ಹೊದಿಕೆ, ಒಳಗೆ ಕತ್ತಲು. ಎಲೆಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಹೊಲಿದು ಗಳುಗಳ ಮೇಲೆ ಇಳಿಬಿಟ್ಟಿದ್ದರು. ಕೆಳಗಿನ ಸಾಲು ಹಸಿರು, ಅದರ ಮೇಲಿನದು ಹಳದಿ, ಮಾಡಿನ ಹತ್ತಿರ ಕಂದು. ಎಲ್ಲಾ ನಮ್ಮದೇ. ಒಂದೇ ಒಂದು ವ್ಯತ್ಯಾಸ, ಒಲೆ ಇಲ್ಲ. ಸೌದೆ ಇಲ್ಲ. ಗಾಳಿಯೇ ಒಣಗಿಸಬೇಕು. ನಮ್ಮ ಬ್ಯಾರನ್‌ನಲ್ಲಿ ಒಂದು ವಾರದೊಳಗೆ ಮುಗಿಯುವ ಕೆಲಸಕ್ಕೆ ಇಲ್ಲಿ ಸುಮಾರು 50 ದಿನ. ಬೆಂಕಿ ಹಾಕಿ ಬೇಗ ಒಣಗಿಸಿದಾಗ ಎಲೆಯೊಳಗಿನ ಸಕ್ಕರೆ ಹಾಗೇ ಉಳಿದು ಬಣ್ಣ ಹಳದಿಯಾಗುತ್ತದೆ. ಸಿಗರೇಟಿಗೆ ಬೇಕಾದದ್ದು ಅದೇ. ನಿಧಾನಕ್ಕೆ ಒಣಗಿದಾಗ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಕಂದಾಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿಯ ಒಳಗೆ ತಾನಾಗಿಯೇ ಕಾವು ಏರುತ್ತದೆ, ಗೊಬ್ಬರದ ಗುಂಡಿಯ ಹಾಗೆ. ಆ ಕಾವಿನಲ್ಲಿ ಕಹಿ, ಘಾಟು ಹೊರಗೆ ಹೋಗುತ್ತದೆ. ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕು ಅನ್ನಿಸಿತು. ಆ ಸಂಜೆ ಊರಿಗೇ ಕರೆಂಟ್ ಇರಲಿಲ್ಲ.

ಆ ಸೊಪ್ಪಿನ ಮನೆಯ ಕಂಬಗಳು ಹೊಸವು. 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ವಿನ್ಯಾಲೆಸ್ ಇರುವ ಪಿನಾರ್ ದೆಲ್ ರಿಯೋ ಪ್ರಾಂತ್ಯದ ಮೇಲೆ ಅಪ್ಪಳಿಸಿತು. ಇಡೀ ದೇಶಕ್ಕೆ ವಿದ್ಯುತ್ ಹೋಯಿತು. ಈ ಸೀಮೆಯ ಸೊಪ್ಪಿನ ಮನೆಗಳು ಸಾವಿರಗಟ್ಟಲೆ ಬಿದ್ದವು. ಅಬುವೆಲೊ ಅವರದೂ ಬಿತ್ತು. ಬೆಳಗ್ಗೆ ಬಂದು ನೋಡಿದಾಗ ಮಾಡು ನೆಲದ ಮೇಲೆ ಮಲಗಿತ್ತಂತೆ. ಅದನ್ನು ಹೇಳುವಾಗ ಸೊಸೆಯ ದನಿ ಸಣ್ಣದಾಯಿತು. ಅವರು ಮಾತ್ರ ಹೊಸ ಕಂಬವನ್ನು ಎರಡು ಸಲ ತಟ್ಟಿ ಮುಂದೆ ನಡೆದರು.

ಮಾರನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಒಂದು ಹಲಗೆ ಇಟ್ಟುಕೊಂಡು ಕೂತರು. ಎಲೆಯ ನಡುನರವನ್ನು ಒಂದೇ ಎಳೆತಕ್ಕೆ ಸೀಳಿ ತೆಗೆದರು. ಮೂರು ಬಗೆಯ ಎಲೆಯನ್ನು ಅಂಗೈಯಲ್ಲಿ ಬೀಸಣಿಗೆಯ ಹಾಗೆ ಮಡಚಿದರು. ಹೊಗೆ ಓಡಾಡುವುದಕ್ಕೆ ಒಳಗೆ ದಾರಿ ಬೇಕು, ಅದಕ್ಕೇ ಒತ್ತಿ ಮಡಚಬಾರದು. ಅರ್ಧಚಂದ್ರದ ಹಾಗಿರುವ ಪುಟ್ಟ ಕತ್ತಿ, ಚಾವೆತಾ ಅಂತ, ಅದರಿಂದ ಹೊದಿಕೆ ಎಲೆ ಕತ್ತರಿಸಿ ಓರೆಯಾಗಿ ಸುತ್ತುತ್ತ ಬಂದರು. ತುದಿಗೆ ಒಂದು ಹನಿ ಜೇನುತುಪ್ಪ. ಕಾರ್ಖಾನೆಯಲ್ಲಿ ಅಂಟು ಹಾಕುತ್ತಾರೆ, ಇವರಿಗೆ ಜೇನು. ನಾಲ್ಕು ನಿಮಿಷ ಆಗಿರಲಿಕ್ಕಿಲ್ಲ.

ಅದನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಕಟ್ಟು. ನಾನು ನೋಡಿದ್ದು ಕಟ್ಟನ್ನಲ್ಲ, ಅದರ ಹೊದಿಕೆಯನ್ನು. ಅಡಿಕೆ ಹಾಳೆ! ಅಂತ ಕನ್ನಡದಲ್ಲೇ ಕೂಗಿದೆ. ಅಡಿಕೆಯದಲ್ಲ, ಅಲ್ಲಿಯ ರಾಜತಾಳೆಯ ಹಾಳೆ. ಯಾಗುವಾ ಅನ್ನುತ್ತಾರೆ. ಅಡಿಕೆ ಮರದಿಂದ ಸೋಗೆಯ ಜೊತೆ ಬೀಳುತ್ತದಲ್ಲ, ಅದೇ ಭಾಗ. ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಮಡಚಿ, ಅದರದೇ ನಾರಿನಿಂದ ಬಿಗಿದಿದ್ದರು. ಇಡೀ ಬೇಲು ಹೊಗೆಸೊಪ್ಪನ್ನೂ ಅಲ್ಲಿ ಇದರಲ್ಲೇ ಕಟ್ಟಿಡುತ್ತಾರೆ. ಹಾಳೆ ಉಸಿರಾಡುತ್ತದೆ, ಆದರೆ ಪಸೆ ಬಿಟ್ಟುಕೊಡುವುದಿಲ್ಲ, ಅಂದರು. ನಮ್ಮ ಅಜ್ಜಿ ಹಾಳೆಯಲ್ಲಿ ಬೆಲ್ಲ ಕಟ್ಟಿಡುತ್ತಿದ್ದದ್ದು ನೆನಪಾಯಿತು.

ಕಟ್ಟು ಇಯಾನ್‌ಗಿಂತ ಹಿಂದಿನದು. 2021ರ ಬೆಳೆ. ಸೊಪ್ಪಿನ ಮನೆ ಬಿದ್ದ ರಾತ್ರಿ ಅದು ಅವರ ಮಂಚದ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಇತ್ತು. ಆ ಬೆಳೆಯದು ಉಳಿದದ್ದು ಅಷ್ಟೇ. ಅದರಿಂದ ಒಂದನ್ನು ತೆಗೆದು, ಎರಡನ್ನೂ ಮೂಸು, ಅಂದರು.

ಆಗತಾನೆ ಸುತ್ತಿದ್ದು ಒದ್ದೆ ಒದ್ದೆಯಾಗಿತ್ತು. ಮೂಗಿಗೆ ಹಿಡಿದರೆ ಹಸಿ ಎಲೆಯ ವಾಸನೆ, ಅದರ ಹಿಂದೆಯೇ ಕೊಟ್ಟಿಗೆಯ ಗಂಜಲದ ಘಾಟು. ಅದು ಅಮೋನಿಯಾ. ಹುದುಗಿದ ಸೊಪ್ಪಿನಲ್ಲಿ ಅದು ಸ್ವಲ್ಪ ಉಳಿದೇ ಇರುತ್ತದೆ, ಸುತ್ತುವಾಗ ನೀರು ಚಿಮುಕಿಸಿದರೆ ಮತ್ತೆ ಏಳುತ್ತದೆ. ಸೇದಿದೆ. ಖಾರ ಗಂಟಲಿಗೆ ಹತ್ತಿತು, ನಾಲಿಗೆ ಒಗರಾಯಿತು. ಕೆಟ್ಟದ್ದಲ್ಲ, ಅವಸರದ್ದು. ಹಳೆಯದರ ಬಣ್ಣ ಒಂದು ಪಟ್ಟು ಗಾಢ. ಕಿವಿಯ ಹತ್ತಿರ ಹಿಡಿದು ಒತ್ತಿದರೆ ಸದ್ದಿಲ್ಲ, ಮೆತ್ತಗೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ಒಣಗಿದ್ದರೆ ಪಟಪಟ ಅನ್ನುತ್ತಿತ್ತು. ಹಚ್ಚಿದೆ. ಮೊದಲು ಒಣಹುಲ್ಲಿನ ಘಮ, ಆಮೇಲೆ ಹುರಿದ ಕಡಲೆಕಾಯಿ, ಅರ್ಧಕ್ಕೆ ಬರುವಾಗ ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಆ ವಾಸನೆ. ಖಾರ ಇತ್ತು, ಆದರೆ ಕಚ್ಚುತ್ತಿರಲಿಲ್ಲ. ಒಂದೇ ಹೊಲ, ಒಂದೇ ಕೈ. ನಡುವೆ ಮೂರು ವರ್ಷ. ಹಳೇ ಅಕ್ಕಿಯ ಅನ್ನಕ್ಕೂ ಹೊಸ ಅಕ್ಕಿಯ ಅನ್ನಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಗೆಸೊಪ್ಪು ದೇಹಕ್ಕೆ ಒಳ್ಳೆಯದಲ್ಲ. ನಮ್ಮ ತಾತನ ಕೊನೆಯ ದಿನಗಳನ್ನು ನೋಡಿದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ದಿನಕ್ಕೊಂದು ಸೇದುವ ಆಸೆ ನನಗಿಲ್ಲ. ಆದರೆ ಆ ಮಧ್ಯಾಹ್ನ ಕಳೆದ ಒಂದೂವರೆ ತಾಸನ್ನು ನಾನು ಯಾವುದಕ್ಕೂ ಬದಲಾಯಿಸುವುದಿಲ್ಲ.

ಹವಾನಾಕ್ಕೆ ಮರಳಿದ ಮೇಲೆ ಅಂಗಡಿಗಳನ್ನೂ ನೋಡಿದೆ. ಕಾಲು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತಿದ್ದೆ. ಅಲ್ಲಿಯ ಸಾಮಾನ್ಯ ನೌಕರನ ತಿಂಗಳ ಸಂಬಳಕ್ಕೆ ಕೊಹೀಬಾ ಅನ್ನುವ ದುಬಾರಿ ಬ್ರ್ಯಾಂಡಿನ ಒಂದು ಸಿಗಾರ್ ಕೊಳ್ಳುವುದೂ ಆಗ ಕಷ್ಟವೇ ಇತ್ತು. ಹವಾನಾದ ಜನ ಸೇದುವುದು ಹೆಸರಿಲ್ಲದ ಅಗ್ಗದ ಸಿಗಾರ್, ಹಳ್ಳಿಯಿಂದ ಬಂದದ್ದು. ಅದನ್ನು ಕಚ್ಚಿಕೊಂಡೇ ಡಾಮಿನೋ ಆಡುತ್ತಾರೆ, ಕಾರು ರಿಪೇರಿ ಮಾಡುತ್ತಾರೆ. ಒಂದು ಅಂಗಡಿಯಲ್ಲಿ ಮಾತ್ರ ಜಾಸ್ತಿ ಹೊತ್ತು ನಿಂತೆ. ಅಲ್ಲಿಯ ಹಿರಿಯರು ಪೆಟ್ಟಿಗೆಯೊಂದನ್ನು ತಿರುಗಿಸಿ ತಳ ತೋರಿಸಿದರು. ಕಾರ್ಖಾನೆಯ ಗುಟ್ಟಿನ ಅಕ್ಷರ, ಅದರ ಕೆಳಗೆ ತಿಂಗಳು, ವರ್ಷ. ಹಳೆಯದಾಗಲಿ ಅಂತ ಕೊಳ್ಳುವವರು ಮೊದಲು ನೋಡುವುದು ಇದನ್ನೇ. ಪೆಟ್ಟಿಗೆಯ ಮರ ಸೀಡರ್ ಅಂತ ಕರೆಸಿಕೊಂಡರೂ ನಿಜವಾಗಿ ನಮ್ಮ ಬೇವಿನ ಕುಟುಂಬದ್ದು. ಪಸೆ ಹಿಡಿದಿಡುತ್ತದೆ, ತನ್ನ ಘಮ ಕೊಡುತ್ತದೆ.

ಒಂದು ಕಾರ್ಖಾನೆಯಲ್ಲಿ ಓದುವವರ ದನಿಯನ್ನೂ ಕೇಳಿದೆ. ಸಾಲುಸಾಲಾಗಿ ಕೂತು ಸುತ್ತುವವರಿಗೆ ಎತ್ತರದ ಪೀಠದಿಂದ ಒಬ್ಬ ಹೆಂಗಸು ಪತ್ರಿಕೆ ಓದುತ್ತಿದ್ದರು. ಹವಾನಾದಲ್ಲಿ ಈ ಪದ್ಧತಿ 1865ರಲ್ಲಿ ಶುರುವಾಯಿತು. ಬೆಳಗ್ಗೆ ಸುದ್ದಿ, ಆಮೇಲೆ ಕಾದಂಬರಿ. ಓದು ಇಷ್ಟವಾದರೆ ಚಾವೆತಾ ಕತ್ತಿಯನ್ನು ಹಲಗೆಗೆ ಬಡಿದು ಸದ್ದು ಮಾಡುತ್ತಾರೆ. ಆ ದಿನವೂ ಮಾಡಿದರು. ನಮ್ಮಲ್ಲಿ ಸೊಪ್ಪು ಕಟ್ಟುವ ಹೆಂಗಸರು ಹಾಡು ಹೇಳಿಕೊಳ್ಳುತ್ತಿದ್ದದ್ದು ಕಿವಿಗೆ ಬಂದ ಹಾಗಾಯಿತು.

ಹೊರಡುವ ಮುಂಚೆ ಅಬುವೆಲೊ ಹೊಸ ಬೆಳೆಗೂ ಒಂದು ವರ್ಷ ಹಿಂದಿನ ಸೊಪ್ಪಿನಿಂದ ಹನ್ನೆರಡು ಸುತ್ತಿ, ಹಾಳೆಯಲ್ಲಿ ಕಟ್ಟಿ ಕೊಟ್ಟಿದ್ದರು. ಮೂರು ಬೆರಳು ತೋರಿಸಿ ಮೂರು ವರ್ಷ ಅಂದರು. ತಂಪಾದ ಜಾಗ, ಬಿಸಿಲು ತಾಗಬಾರದು. ಸಿಗಾರ್ ಇಡುವ ಜಾಗಕ್ಕೆ ಹೇಳುವ ಅಳತೆ 65ರಿಂದ 70 ಶೇಕಡ ತೇವ, 18 ಡಿಗ್ರಿಯ ಆಸುಪಾಸಿನ ಬಿಸಿ. ಬಿಸಿ 25ರ ಹತ್ತಿರ ಹೋದರೆ ಎಲೆಯೊಳಗಿನ ಮೊಟ್ಟೆ ಒಡೆದು ಹುಳ ಏಳುತ್ತದೆ. ಅರಿಸಿನಕ್ಕೆ, ಒಣಮೆಣಸಿನಕಾಯಿಗೆ ಬೀಳುವ ಪುಟ್ಟ ಕಂದು ಹುಳವೇ ಅದು.

ಪಿರಿಯಾಪಟ್ಟಣದಲ್ಲಿ ಅಪ್ಪ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. "ಬೆಂಕಿ ತೋರಿಸಿಲ್ಲ ಇದಕ್ಕೆ," ಅಂದರು. ನಾನಿನ್ನೂ ಏನೂ ಹೇಳಿರಲಿಲ್ಲ. ಹುಳ ಬೀಳಬಾರದು ಅಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟೆ, ಅವರು ಬೇಡ ಅನ್ನಲಿಲ್ಲ. ಆಮೇಲೆ ಅಜ್ಜಿಯ ಹಲಸಿನ ಮರದ ಪೆಟ್ಟಿಗೆಯನ್ನು ನಡುಮನೆಯ ಕತ್ತಲೆ ಮೂಲೆಗೆ ಸರಿಸಿ ಅದರೊಳಗೆ ಇಟ್ಟೆವು. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಬೂಷ್ಟು ನೋಡುವುದು, ಬೇಸಿಗೆಯಲ್ಲಿ ಪೆಟ್ಟಿಗೆಯ ಪಕ್ಕ ಮಣ್ಣಿನ ಮಡಕೆಯಲ್ಲಿ ನೀರು ಇಡುವುದು ಅಪ್ಪನ ಕೆಲಸವಾಯಿತು.

ಮರುವರ್ಷ ನಾನು ಊರಿಗೆ ಹೋದಾಗ ಸಂಜೆ ಜಗಲಿಯಲ್ಲಿ ಕೂತಿದ್ದೆವು. "ಮೂರು ವರ್ಷ ಅಂದ್ರಾ ಅವರು?" ಅಂತ ಕೇಳಿದರು.

"ಹೂಂ ಅಪ್ಪ."

"ಹೆಂಗಾಗಿದೆ ಅಂತ ಒಂದು ನೋಡೋಣ. ನಾವೂ ಬೆಳೆದೋರು ತಾನೆ."

ಕತ್ತರಿಸಿ ಹಚ್ಚಿಕೊಟ್ಟೆ. ಎದೆಗೆ ಎಳೆಯಬೇಡಿ ಅಂತ ಹೇಳಿದೆ. ಕಾಫಿ ಆರಿ ತಣ್ಣಗಾಗುವವರೆಗೂ ಅವರು ಮಾತಾಡಲಿಲ್ಲ. ಅರ್ಧ ಆದ ಮೇಲೆ, "ಇನ್ನೂ ಸ್ವಲ್ಪ ಗಂಜಲ ಇದೆ, ಇರಲಿ ಬಿಡು," ಅಂದರು. ಎದ್ದು ಹೋಗಿ ಕಟ್ಟಿನ ನಾರನ್ನು ಮತ್ತೆ ಬಿಗಿದು ಬಂದರು. ಅದರಲ್ಲಿ ಹನ್ನೊಂದು ಇವೆ.