ಮೂರ್ ಸ್ಟ್ರೀಟ್‌ನ ನಡುಗೋಡೆಗಳು

ಡಬ್ಲಿನ್‌ಗೆ ಬಂದ ಹೊಸತರಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆಂದು ವಿಚಾರಿಸಿದಾಗ ಸಹೋದ್ಯೋಗಿಯೊಬ್ಬರು ನನಗೆ ತೋರಿಸಿಕೊಟ್ಟದ್ದು ಮೂರ್ ಸ್ಟ್ರೀಟನ್ನು. ಊರಿನ ಮುಖ್ಯ ಬೀದಿಯಾದ ಒ'ಕಾನೆಲ್ ಸ್ಟ್ರೀಟ್‌ನ ಬೆನ್ನಿಗೇ ಇರುವ ಆ ಚಿಕ್ಕ ಬೀದಿಯಲ್ಲಿ ಹಣ್ಣು, ಹೂವು, ಮೀನು ಮಾರುವ ಹೆಂಗಸರು ತಮ್ಮ ಗಾಡಿಗಳ ಹಿಂದೆ ನಿಂತು ಕೂಗುತ್ತಿದ್ದರು. ಅವರ ಬೆನ್ನಿಗೆ ಏಷ್ಯಾ ಮತ್ತು ಆಫ್ರಿಕಾದ ದಿನಸಿ ಅಂಗಡಿಗಳು, ಮೊಬೈಲ್ ರಿಪೇರಿಯ ಅಂಗಡಿಗಳು, ಕ್ಷೌರದಂಗಡಿಗಳು ಸಾಲಾಗಿದ್ದವು. ನಾನು ಹಣ್ಣು ಕೊಂಡ ಹಿರಿಯ ಹೆಂಗಸು ಬಂದವರನ್ನೆಲ್ಲ 'ಲವ್' ಎಂದೇ ಕರೆಯುತ್ತಿದ್ದರು. ಅದನ್ನು ಕೇಳಿದಾಗ ನಮ್ಮೂರ ಸಂತೆಯಲ್ಲಿ ಸೊಪ್ಪಿನ ಕಂತೆಯನ್ನು ಕೈಗಿಡುತ್ತ 'ತಗೋ ಕಂದಾ' ಎನ್ನುವ ಅಜ್ಜಿಯರು ನೆನಪಾಗಿ, ಪರದೇಶದಲ್ಲಿ ಮೊದಲ ಬಾರಿಗೆ ಮನಸ್ಸು ತುಸು ಹಗುರವಾಯಿತು.

ಅದೇ ದಿನ ಮಳೆ ಬಂದು, ಬೀದಿಯ ಉತ್ತರದ ತುದಿಯಲ್ಲಿರುವ ಓಣಿಯೊಂದಕ್ಕೆ ಸರಿದು ನಿಂತೆ. ಅಲ್ಲಿನ ಗೋಡೆಯ ಮೇಲೆ ಕೈಬರಹದ ಪತ್ರವೊಂದನ್ನು ಅಕ್ಷರಗಳು ಇದ್ದ ಹಾಗೆಯೇ ಹಿಗ್ಗಿಸಿ ಮೂಡಿಸಿದ ದೊಡ್ಡ ಫಲಕವಿತ್ತು. ಗುಂಡೇಟು ತಿಂದ ಮನುಷ್ಯನೊಬ್ಬ ಹೆಂಡತಿಗೆ ಬರೆದ ಕೊನೆಯ ಸಾಲುಗಳು ಅವು. ಮಗ ತನಗೆ ಬರೆದಿದ್ದ ಕಾಗದದ ಬೆನ್ನ ಮೇಲೆಯೇ ಆತ ಅದನ್ನು ಬರೆದಿದ್ದ. ಓಣಿಯ ಹೆಸರು ಒ'ರಾಹಿಲಿ ಪರೇಡ್. ಪತ್ರ ಬರೆದವನು, 1916ರ ಏಪ್ರಿಲ್ 28ರ ಶುಕ್ರವಾರ ಸಂಜೆ ಮೂರ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ಸೈನಿಕರ ತಡೆಗೋಡೆಯ ಕಡೆಗೆ ನುಗ್ಗಿದ ತಂಡದ ಮುಂದಾಳಾಗಿದ್ದ ಒ'ರಾಹಿಲಿ. ಐರ್ಲೆಂಡಿನ ಮೇಲಿನ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಈ ದಂಗೆ ಬೇಡವೆಂದು ಮೊದಲು ವಿರೋಧಿಸಿ, ಅದನ್ನು ತಡೆಯಲು ಊರೂರು ಸುತ್ತಿದ್ದ ಇದೇ ಮನುಷ್ಯ, ಅದು ಆರಂಭವಾಗಿಯೇ ಬಿಟ್ಟಿತೆಂದಾಗ ತನ್ನವರನ್ನು ಕೈಬಿಡಲಾರದೆ ಬಂದು ಸೇರಿಕೊಂಡವನು. ಅಂದಿನಿಂದ ಆ ಬೀದಿ ನನಗೆ ಬರಿಯ ಮಾರುಕಟ್ಟೆಯಾಗಿ ಉಳಿಯಲಿಲ್ಲ. ಆ ಬೀದಿಯನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬ ವಾದ ಈ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ನಡೆಯುತ್ತಿದೆ. ಆ ವಾದದಲ್ಲಿ ನನಗೆ ಮುಖ್ಯವೆಂದು ತೋರಿದ್ದನ್ನು ಬರೆದಿಡಬೇಕೆನ್ನಿಸಿದೆ.

ಮೊದಲು ಆ ದಂಗೆಯ ಕಥೆ. 1916ರ ಏಪ್ರಿಲ್ 24, ಈಸ್ಟರ್ ಸೋಮವಾರ, ಐರಿಷ್ ಬಂಡುಕೋರರು ಡಬ್ಲಿನ್‌ನ ಹಲವು ಕಟ್ಟಡಗಳನ್ನು ವಶಪಡಿಸಿಕೊಂಡು, ಪ್ರಧಾನ ಅಂಚೆ ಕಚೇರಿಯನ್ನು ತಮ್ಮ ಕೇಂದ್ರವನ್ನಾಗಿ ಮಾಡಿಕೊಂಡರು. ಅದರ ಮುಂದೆ ನಿಂತು ದಂಗೆಯ ಮುಂದಾಳು ಪ್ಯಾಟ್ರಿಕ್ ಪಿಯರ್ಸ್ ಸ್ವತಂತ್ರ ಗಣರಾಜ್ಯದ ಘೋಷಣೆಯನ್ನು ಓದಿದರು. ವಾರದ ಕೊನೆಗೆ ಫಿರಂಗಿ ದಾಳಿಯಿಂದ ಅಂಚೆ ಕಚೇರಿ ಹೊತ್ತಿ ಉರಿಯತೊಡಗಿದಾಗ ಒಳಗಿದ್ದ ಸುಮಾರು 300 ಮಂದಿ ಪಕ್ಕದ ಹೆನ್ರಿ ಪ್ಲೇಸ್ ಎಂಬ ಓಣಿಗೆ ಓಡಿದರು. ಮೂರ್ ಲೇನ್ ಕೂಡುವ ಮೂಲೆಯಲ್ಲಿ ಗುಂಡಿನ ಸುರಿಮಳೆ. ಗಾಡಿಯೊಂದನ್ನು ಎಳೆದು ಅಡ್ಡವಿಟ್ಟು ಒಬ್ಬೊಬ್ಬರಾಗಿ ದಾಟಿದರು. ಕಾಲಿನ ಮೂಳೆ ಮುರಿದಿದ್ದ ಇನ್ನೊಬ್ಬ ನಾಯಕ ಜೇಮ್ಸ್ ಕಾನೊಲಿಯವರನ್ನು ಹೊತ್ತುಕೊಂಡೇ ಸಾಗಿಸಬೇಕಾಯಿತು. ಹಾಗೆ ತಲುಪಿದ್ದು ಮೂರ್ ಸ್ಟ್ರೀಟ್‌ನ ಮೂಲೆಯ 10ನೇ ನಂಬರಿನ ಮನೆಗೆ.

ಬೀದಿಗೆ ಕಾಲಿಡುವಂತಿರಲಿಲ್ಲ. ಉತ್ತರದ ತುದಿಯ ತಡೆಗೋಡೆಯಿಂದ ಬರುವ ಗುಂಡು ಇಡೀ ಬೀದಿಯನ್ನು ಗುಡಿಸಿಹಾಕುತ್ತಿತ್ತು. ಒ'ರಾಹಿಲಿ ಬಿದ್ದದ್ದೂ ಅದೇ ಗುಂಡಿಗೆ. ಆದ್ದರಿಂದ ಅವರು ರಾತ್ರಿಯೆಲ್ಲ ಮನೆಯಿಂದ ಮನೆಗೆ ನಡುಗೋಡೆಗಳಿಗೆ ಕನ್ನ ಕೊರೆಯುತ್ತ ಮುಂದೆ ಹೋದರು. ಒಂದು ಕೋಣೆಯ ಗೋಡೆ ಒಡೆದರೆ ಪಕ್ಕದ ಮನೆಯವರ ಮಲಗುವ ಕೋಣೆ, ಅದರ ಗೋಡೆ ಒಡೆದರೆ ಇನ್ನೊಬ್ಬರ ಅಡುಗೆಮನೆ. ಗಾಯಾಳುಗಳನ್ನು ಆ ಕಿಂಡಿಗಳ ಮೂಲಕವೇ ನುಗ್ಗಿಸಿ ಸಾಗಿಸಿದರು. ಹೀಗೆ ಬೆಳಗಾಗುವ ಹೊತ್ತಿಗೆ ಸಾಲಿನ ಬಹುಭಾಗ ಒಳಗಿಂದೊಳಗೆ ಒಂದೇ ಮನೆಯಂತಾಗಿತ್ತು. 16ನೇ ನಂಬರಿನದು ಪ್ಲಂಕೆಟ್ ಎಂಬವರ ಕೋಳಿಯಂಗಡಿ. ಅಲ್ಲಿನ ಕೋಣೆಯೊಂದರಲ್ಲಿ, ಘೋಷಣೆಗೆ ಸಹಿ ಹಾಕಿದ ಏಳು ಮಂದಿಯ ಪೈಕಿ ಐವರು, ಅಂದರೆ ಟಾಮ್ ಕ್ಲಾರ್ಕ್, ಶಾನ್ ಮ್ಯಾಕ್ ಡಿಯರ್ಮಡಾ, ಪಿಯರ್ಸ್, ಜೋಸೆಫ್ ಪ್ಲಂಕೆಟ್ ಮತ್ತು ಹಾಸಿಗೆ ಹಿಡಿದಿದ್ದ ಕಾನೊಲಿ, ಕೊನೆಯ ಬಾರಿಗೆ ಕೂಡಿ ಶರಣಾಗುವ ತೀರ್ಮಾನಕ್ಕೆ ಬಂದರು. ಬಿಳಿ ಬಾವುಟ ಹಿಡಿದಿದ್ದ ಸಾಮಾನ್ಯ ಜನರೂ ಆ ಬೀದಿಯಲ್ಲಿ ಗುಂಡಿಗೆ ಬಲಿಯಾಗಿದ್ದರು. ಡಬ್ಲಿನ್‌ನ ನಾಗರಿಕರ ಹತ್ಯೆ ಇನ್ನೂ ಮುಂದುವರಿಯದಿರಲೆಂಬುದೇ ಶರಣಾಗತಿಗೆ ಕಾರಣವೆಂದು ಪಿಯರ್ಸ್ ಮುಂದೆ ಬರೆದ ಆದೇಶದ ಮೊದಲ ಸಾಲೇ ಹೇಳುತ್ತದೆ.

ಶನಿವಾರ ಮಧ್ಯಾಹ್ನ 12.45ರ ಸುಮಾರಿಗೆ ಬಿಳಿ ಬಾವುಟ ಹಿಡಿದು ಆ ಬೀದಿಗೆ ಒಬ್ಬರೇ ಇಳಿದವರು ದಾದಿ ಎಲಿಜಬೆತ್ ಒ'ಫ್ಯಾರೆಲ್. ಅಂಚೆ ಕಚೇರಿಯ ತಂಡದಲ್ಲಿ ಕೊನೆಯವರೆಗೂ ಉಳಿದ ಮೂವರು ಹೆಂಗಸರಲ್ಲಿ ಅವರೊಬ್ಬರು. ಉಳಿದಿಬ್ಬರು ಜೂಲಿಯಾ ಗ್ರೆನನ್ ಮತ್ತು ವಿನಿಫ್ರೆಡ್ ಕಾರ್ನಿ. ಮಧ್ಯಾಹ್ನ 3.30ಕ್ಕೆ ಪಿಯರ್ಸ್ ಆ ದಾದಿಯೊಡನೆ ನಡೆದುಹೋಗಿ, ಬೀದಿಯ ತುದಿಯಲ್ಲಿ ಬ್ರಿಟಿಷ್ ಪಡೆಯ ಜನರಲ್ ಲೋ ಎದುರು ಶರಣಾದರು. ಆ ಕ್ಷಣದ ಪ್ರಸಿದ್ಧ ಛಾಯಾಚಿತ್ರದಲ್ಲಿ ಒ'ಫ್ಯಾರೆಲ್ ಪಿಯರ್ಸ್ ಅವರ ಮರೆಯಲ್ಲಿ ನಿಂತಿದ್ದು, ಅವರ ಪಾದಗಳು ಮತ್ತು ಲಂಗದ ಅಂಚು ಮಾತ್ರ ಕಾಣುತ್ತವೆ. ಕೆಲವು ಪ್ರತಿಗಳಲ್ಲಿ ಅಷ್ಟನ್ನೂ ಅಳಿಸಿಹಾಕಿದ್ದಾರೆ. ಆ ಕೋಣೆಯಲ್ಲಿ ಕೂತಿದ್ದ ಐವರನ್ನೂ ಮೇ 3ರಿಂದ 12ರೊಳಗೆ ಕಿಲ್ಮೇನಮ್ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಕಾನೊಲಿಯವರಿಗೆ ನಿಲ್ಲಲು ಶಕ್ತಿಯಿರಲಿಲ್ಲವಾದ್ದರಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು.

ಇಷ್ಟನ್ನು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಈ ಚರಿತ್ರೆ ನಡೆದದ್ದು ನಾವು ಬೀದಿ ಎಂದು ಕರೆಯುವ ಜಾಗದಲ್ಲಿ ಅಲ್ಲ; ಬೀದಿಯಲ್ಲಿ ನಡೆಯಲಾಗದ್ದರಿಂದಲೇ ಅದು ಗೋಡೆಗಳ ಒಳಗೆ ನಡೆಯಿತು. ಹಾಗಾಗಿ ಇಲ್ಲಿ ಸ್ಮಾರಕವೆಂದರೆ ಯಾವುದೋ ಒಂದು ಚೆಲುವಾದ ಮುಂಗೋಡೆಯಲ್ಲ, ಮನೆಗೂ ಮನೆಗೂ ನಡುವೆ ಇರುವ, ದಾರಿಹೋಕರಿಗೆ ಎಂದೂ ಕಾಣದ, ಒರಟು ಇಟ್ಟಿಗೆಯ ನಡುಗೋಡೆ. ನಮ್ಮ ಪೇಟೆಬೀದಿಗಳ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗೋಡೆಗೆ ಗೋಡೆ ಕೂಡಿಸಿ ಕಟ್ಟಿದ ಸಾಲಿನಲ್ಲಿ ಒಂದು ಮನೆಯನ್ನು ಕೆಡವಿದರೆ ಎರಡೂ ಬದಿಯ ಮನೆಗಳು ಊರುಗೋಲು ಕಳೆದುಕೊಂಡಂತಾಗುತ್ತವೆ, ಮತ್ತು ಆ ಗೋಡೆ ಯಾರದೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಡಬ್ಲಿನ್‌ನಲ್ಲಿ ಆದದ್ದು ಹೀಗೆ. ಬೀದಿಯ ಪಶ್ಚಿಮದ ಬದಿಯೂ ಅದರ ಹಿಂದಿನ ಚಿಕ್ಕಪುಟ್ಟ ಮಾರುಕಟ್ಟೆ ಗಲ್ಲಿಗಳೂ 1981ರಲ್ಲಿ ತೆರೆದ ಐಲ್ಯಾಕ್ ಎಂಬ ಖರೀದಿ ಕೇಂದ್ರಕ್ಕೆ ಹೋದವು. ಉಳಿದದ್ದು ಪೂರ್ವದ ಸಾಲು, ಅಂದರೆ ಬಂಡುಕೋರರು ಕನ್ನ ಕೊರೆದ ಸಾಲು. ಅದನ್ನೂ ಕೆಡವಿ ಹೊಸ ವಾಣಿಜ್ಯ ಸಮುಚ್ಚಯ ಕಟ್ಟುವ ಯೋಜನೆಗಳು ಈ ಶತಮಾನದ ಆರಂಭದಲ್ಲಿ ಬಂದಾಗ, 16ನೇ ನಂಬರಿನ ಮನೆಯನ್ನು ಉಳಿಸಿಕೊಳ್ಳಬೇಕೆಂದು ನಾಗರಿಕರೂ ದಂಗೆಯ ನಾಯಕರ ವಂಶಸ್ಥರೂ ಸೇರಿ ಹೋರಾಟ ಆರಂಭಿಸಿದರು. 2007ರಲ್ಲಿ ಸರ್ಕಾರ 14ರಿಂದ 17ರವರೆಗಿನ ನಾಲ್ಕು ಮನೆಗಳನ್ನು ರಾಷ್ಟ್ರೀಯ ಸ್ಮಾರಕವೆಂದು ರಕ್ಷಿಸಿತು. 2015ರಲ್ಲಿ ಅವುಗಳನ್ನು ಕೊಂಡುಕೊಂಡು, ಅಲ್ಲಿ ಸ್ಮಾರಕ ಕೇಂದ್ರವೊಂದನ್ನು ಮಾಡುವುದಾಗಿ ಹೇಳಿತು. ಹದಿನೆಂಟನೆಯ ಶತಮಾನದ ಆ ಮನೆಗಳ ನಡುಗೋಡೆಗಳಲ್ಲಿ 1916ರ ಕಿಂಡಿಗಳ ಗುರುತು ಉಳಿದಿದೆ. ಆದರೆ ಶತಮಾನೋತ್ಸವದ ವರ್ಷ ಬಂದು ಹೋದರೂ ಕೇಂದ್ರ ತೆರೆಯಲಿಲ್ಲ.

2016ರ ಜನವರಿಯಲ್ಲಿ, ಪಕ್ಕದ ಕಟ್ಟಡಗಳನ್ನು ಕೆಡವಲು ಸಿದ್ಧತೆ ನಡೆದಾಗ, ಪ್ರತಿಭಟನಕಾರರು ಮನೆಗಳ ಒಳಗೇ ಹೋಗಿ ಕೂತುಬಿಟ್ಟರು. ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟ್ ನಾಲ್ಕು ಮನೆಗಳಷ್ಟೇ ಅಲ್ಲದೆ ಸಾಲಿನ ಇತರ ಕಟ್ಟಡಗಳನ್ನೂ ಬಂಡುಕೋರರು ಹಾದು ಬಂದ ಓಣಿಗಳನ್ನೂ ಸೇರಿಸಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಆ ತೀರ್ಪನ್ನು ಎಷ್ಟು ಮಂದಿ ಸಂಭ್ರಮಿಸಿದರೋ! 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಗಮನಿಸಬೇಕಾದದ್ದೆಂದರೆ, ಯಾವುದು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂಬುದು ಅದರ ನಿಲುವಾಗಿತ್ತೇ ಹೊರತು ಆ ಬೀದಿಗೆ ಮಹತ್ವವಿಲ್ಲ ಎಂಬುದಲ್ಲ. ಪ್ರಶ್ನೆ ಮತ್ತೆ ಸರ್ಕಾರದ ಮತ್ತು ಯೋಜನಾ ಪ್ರಾಧಿಕಾರದ ಅಂಗಳಕ್ಕೆ ಬಂದು ಬಿತ್ತು. 2022ರ ಜನವರಿಯಲ್ಲಿ ಡಬ್ಲಿನ್ ನಗರಸಭೆ ಹ್ಯಾಮರ್ಸನ್ ಎಂಬ ವಾಣಿಜ್ಯ ಕಟ್ಟಡಗಳ ಕಂಪನಿಯ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಮೇಲ್ಮನವಿಗಳ ಇನ್ನೊಂದು ಸುತ್ತು ಶುರುವಾಯಿತು.

ಎದುರು ಪಕ್ಷದ ಮಾತಿನಲ್ಲೂ ಹುರುಳಿದೆ. ಸಾಲಿನ ಕೆಲವು ಕಟ್ಟಡಗಳು 1916ರ ನಂತರ ಕಟ್ಟಿದವು. ಇನ್ನು ಕೆಲವು ಎಷ್ಟು ಬಾರಿ ಬದಲಾಗಿವೆಯೆಂದರೆ ಹಳೆಯದನ್ನು ಹುಡುಕಿ ತೆಗೆಯಬೇಕು. ಬೀದಿ ಸೊರಗಿದೆ, ಬಾಗಿಲು ಮುಚ್ಚಿದ ಅಂಗಡಿಗಳ ಮೇಲ್ಮಹಡಿಗಳು ಖಾಲಿ ಬಿದ್ದಿವೆ, ಸಂಜೆಯಾದರೆ ಅಲ್ಲಿ ನಡೆಯಲು ಜನ ಅಂಜುತ್ತಾರೆ. ಹಣ ಹಾಕುವವರಿಲ್ಲದೆ ಇದೆಲ್ಲ ಸರಿಹೋಗುವುದಿಲ್ಲವೆಂಬ ವಾದವನ್ನು ತಳ್ಳಿಹಾಕಲು ನನ್ನಿಂದಾಗದು. ಆದರೆ ಬೀದಿ ಸೊರಗಿದ್ದಕ್ಕೆ ಅದರ ಹಳಮೆ ಕಾರಣವಲ್ಲ. ಇಂದೋ ನಾಳೆಯೋ ಕೆಡವುತ್ತಾರೆಂದು ವರ್ಷಾನುಗಟ್ಟಲೆ ಯಾರೂ ಒಂದು ಹೆಂಚನ್ನೂ ಬದಲಿಸದೆ ಬಿಟ್ಟದ್ದು ಕಾರಣ. ಇನ್ನು, ಎಲ್ಲವನ್ನೂ ಉಳಿಸಬೇಕು ಎಂಬುದಕ್ಕೂ ನಾಲ್ಕನ್ನು ಉಳಿಸಿದರೆ ಸಾಕು ಎಂಬುದಕ್ಕೂ ನಡುವೆ ಮಾಡಬಹುದಾದ ಕೆಲಸವೊಂದಿದೆ. ಗೋಡೆ ಗೋಡೆಯನ್ನೂ ಪರೀಕ್ಷಿಸಿ, ಗಾರೆ ಕೆರೆದು ನೋಡಿ, ಯಾವ ಇಟ್ಟಿಗೆ ಹಳೆಯದು, ಎಲ್ಲಿ ಕಿಂಡಿ ತೆರೆದು ಮತ್ತೆ ಮುಚ್ಚಿದ್ದಾರೆ ಎಂಬುದನ್ನು ಬರೆದಿಟ್ಟು, ಆ ದಾರಿ 10ನೇ ನಂಬರಿನಿಂದ ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೂ ಅದನ್ನು ಒಂದೇ ಸ್ಮಾರಕವಾಗಿ ಹಿಡಿಯುವುದು. ಹೊಸ ಕಟ್ಟಡ ಬರುವುದಿದ್ದರೂ ಆ ದಾರಿಯನ್ನು ಸುತ್ತುವರಿದು ಬರಲಿ, ಅದನ್ನು ತುಂಡರಿಸಿಕೊಂಡು ಬಾರದಿರಲಿ. ನಾಲ್ಕು ಮನೆಗಳನ್ನು ಮಾತ್ರ ಉಳಿಸಿದರೆ ನಮಗೆ ಸಿಗುವುದು ಬಂಡುಕೋರರು ಕೂತು ತೀರ್ಮಾನ ಮಾಡಿದ ಕೋಣೆ. ಅವರು ಅಲ್ಲಿಗೆ ಬಂದದ್ದು ಹೇಗೆಂಬುದು ಅಳಿದುಹೋಗುತ್ತದೆ.

ಮಾರುಕಟ್ಟೆಯ ಮಾತು ಬಂದಾಗ ನನಗೆ ಹೆಚ್ಚು ಸಂಕಟವಾಗುತ್ತದೆ. ಸ್ಮಾರಕದ ಚರ್ಚೆಯಲ್ಲಿ ಗಾಡಿಯ ಹೆಂಗಸರು ಬೀದಿಯ ಅಲಂಕಾರವೆಂಬಂತೆ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಆದರೆ ದಂಗೆಗೂ ಮೊದಲಿನಿಂದ ಇಂದಿನವರೆಗೆ ಆ ಬೀದಿಯನ್ನು ಜೀವಂತವಾಗಿ ಇರಿಸಿದವರು ಅವರೇ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಜಾಗಗಳು ಅವು. ನೂರಾರು ಕುಟುಂಬಗಳ ಅನ್ನವಾಗಿದ್ದ ಆ ವ್ಯಾಪಾರ ಈಗ ಬೆರಳೆಣಿಕೆಯ ಗಾಡಿಗಳಿಗೆ ಇಳಿದಿದೆ. ಶೌಚಾಲಯ, ನೀರು, ಸರಕು ಇಡಲು ಜಾಗ ಬೇಕೆಂದು ಅವರು ಕೇಳುತ್ತಲೇ ಬಂದಿದ್ದಾರೆ. ನಾನು ಹಣ್ಣು ಕೊಳ್ಳುವ ಆ ಹಿರಿಯರ ಮಗಳು ಈ ಕಸುಬಿಗೆ ಬರಲು ಒಪ್ಪಲಿಲ್ಲವಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ, ಆಯಾಸವಿತ್ತು. ವರ್ಷಗಟ್ಟಲೆ ಸುತ್ತ ಕಟ್ಟಡ ಕೆಲಸದ ಧೂಳು, ಸದ್ದು, ಅಡ್ಡಗಟ್ಟಿದ ಹಲಗೆಗಳಿದ್ದರೆ ಉಳಿದ ಗಾಡಿಗಳ ಗತಿಯೇನು ಎಂಬುದಕ್ಕೆ ಯೋಜನೆಯ ನಕ್ಷೆಗಳಷ್ಟೇ ಸ್ಪಷ್ಟವಾದ ಉತ್ತರ ಬೇಕು.

ಪರದೇಶದ ಬೀದಿಯೊಂದರ ಬಗ್ಗೆ ನಿನಗೇಕೆ ಇಷ್ಟು ಕಾಳಜಿ ಎಂದು ಊರಿನ ಗೆಳೆಯರು ಫೋನಿನಲ್ಲಿ ಕೇಳಿದ್ದಾರೆ. ನಾನು ಅವರಿಗೆ ವಿ.ವಿ. ಗಿರಿಯವರ ಹೆಸರು ಹೇಳುತ್ತೇನೆ. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ಮುಂದೆ ರಾಷ್ಟ್ರಪತಿಯಾದ ಗಿರಿಯವರು 1913ರಿಂದ 1916ರವರೆಗೆ ಡಬ್ಲಿನ್‌ನಲ್ಲಿ ಕಾನೂನು ವಿದ್ಯಾರ್ಥಿ. ಐರಿಷ್ ಬಂಡುಕೋರರ ನಂಟಿನ ಶಂಕೆಯ ಮೇಲೆ, ದಂಗೆಯ ನಂತರ ಅವರು ಈ ದೇಶ ಬಿಡಬೇಕಾಯಿತು. ಮುಂದೆ ಕಾರ್ಮಿಕ ಸಂಘಟನೆಗೆ ಇಳಿದ ಅವರ ಮೇಲೆ ಐರಿಷ್ ಹೋರಾಟದ ಪ್ರಭಾವ ಆಳವಾಗಿತ್ತು. 1930ರಲ್ಲಿ ಚಿತ್ತಗಾಂಗ್‌ನ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ ಸೂರ್ಯ ಸೇನ್ ಅವರ ತಂಡವೂ 'ಐರಿಷ್ ಗಣರಾಜ್ಯ ಸೇನೆ'ಯ ಮಾದರಿಯಲ್ಲಿ ತನ್ನನ್ನು 'ಭಾರತೀಯ ಗಣರಾಜ್ಯ ಸೇನೆ' ಎಂದು ಕರೆದುಕೊಂಡಿತ್ತು. ದಾಳಿಯ ದಿನ ಏಪ್ರಿಲ್ 18, ಈಸ್ಟರ್‌ಗೆ ಮುಂಚಿನ ಗುಡ್ ಫ್ರೈಡೆ.

ಕಳೆದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ಅಪ್ಪನನ್ನು ಆ ಬೀದಿಗೆ ಕರೆದುಕೊಂಡು ಹೋಗಿದ್ದೆ. ಅಂಚೆ ಕಚೇರಿಯ ಪಕ್ಕದಿಂದ ಹೊರಟು ಹೆನ್ರಿ ಪ್ಲೇಸ್‌ನ ತಿರುವುಗಳಲ್ಲಿ ನಡೆದು, 10ನೇ ನಂಬರಿನ ಮೂಲೆಗೆ ಬಂದು, ಸಾಲಿನುದ್ದಕ್ಕೂ ಸಾಗಿ ಒ'ರಾಹಿಲಿಯ ಪತ್ರದ ಮುಂದೆ ನಿಂತೆವು. ನಿಧಾನವಾಗಿ ನಡೆದರೂ ಹತ್ತು ನಿಮಿಷದ ದಾರಿ. ಅಪ್ಪ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಬಾರಿ ಓದಿದರು. ಬಳಿಕ, ಆ ರಾತ್ರಿ ಗೋಡೆ ಒಡೆಸಿಕೊಂಡ ಮನೆಯವರು ಆಮೇಲೆ ಎಲ್ಲಿಗೆ ಹೋದರೋ ಎಂದು ಕೇಳಿದರು. ಇಷ್ಟು ವರ್ಷ ಆ ಬೀದಿಯಲ್ಲಿ ಓಡಾಡಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.